ಒಬ್ಬಳ ಕ್ಲಾಸಿಗೆ ಒಂದು ಟಿವಿ

ನಮ್ಮ ಶಾಲೆಗೆ ಗೋಡೆಯಗಲದ ಸ್ಮಾರ್ಟ್ ಟಿವಿ ಬಂದಾಗ ಶಾಲೆಯಲ್ಲಿ ಉಳಿದಿದ್ದುದು ಒಂದೇ ಮಗು. ನಿಸರ್ಗ, ನಾಲ್ಕನೇ ತರಗತಿ. ಟಿವಿ ಕೊಟ್ಟವರು ಇದೇ ಶಾಲೆಯಲ್ಲಿ ಓದಿ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಮರುಳಪ್ಪನವರು. ಟೇಪು ಕತ್ತರಿಸಿ, ಹಾರ ಹಾಕಿಸಿಕೊಂಡು, ಸರ್ಕಾರಿ ಶಾಲೆ ಉಳಿಸಿ ಎಂದು ಉದ್ದುದ್ದ ಭಾಷಣ ಮಾಡಿದರು. ಅಷ್ಟರಲ್ಲಿ ಅವರದೇ ಮೊಮ್ಮಕ್ಕಳನ್ನು ಟೌನಿನ ಕಾನ್ವೆಂಟಿನಿಂದ ಕರೆತಂದ ಹಳದಿ ವ್ಯಾನು ನಮ್ಮ ಗೇಟಿನ ಮುಂದೆಯೇ ಹಾದುಹೋಯಿತು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಚಪ್ಪಾಳೆ ಮಾತ್ರ ತಟ್ಟಿದೆ.

ಟಿವಿಯ ಬಗ್ಗೆ ನನ್ನ ತಕರಾರಿಲ್ಲ. ಗ್ರಹಗಳು ಸುತ್ತಿದವು, ಹೃದಯ ಬಡಿಯಿತು, ಭಿನ್ನರಾಶಿಗಳು ರೊಟ್ಟಿಯ ಹಾಗೆ ತುಂಡಾದವು. ನಿಸರ್ಗ ಎಲ್ಲ ನೋಡಿದಳು, ಕಲಿತಳು ಕೂಡ. ಆದರೆ ಬಾಯಿ ಬಿಡುತ್ತಿರಲಿಲ್ಲ. ಯಾರ ಹತ್ತಿರ ಬಿಡಬೇಕು? ಬೆಳಗಿನಿಂದ ಸಂಜೆಯವರೆಗೆ ಅವಳಿಗೆ ನಾನು, ನನಗೆ ಅವಳು. ಆಟದ ಪೀರಿಯಡ್ಡಿನಲ್ಲಿ ಕುಂಟೆಬಿಲ್ಲೆಯ ಮನೆ ಬರೆದು, ಎರಡು ಬಿಲ್ಲೆ ಇಟ್ಟುಕೊಂಡು, ಇಬ್ಬರ ಆಟವನ್ನೂ ತಾನೇ ಆಡುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಸೆರಗು ಸಿಕ್ಕಿಸಿ ನಾನೂ ಕುಂಟಿದೆ. ನನ್ನ ಮಂಡಿನೋವು ನೋಡಿ ಅವಳಿಗೇ ಅಯ್ಯೋ ಅನ್ನಿಸಿತು.

"ಬುಡಿ ಮಿಸ್, ನೀವು ಕೂತ್ಕಳಿ."

ಅವಳಿಗೊಬ್ಬಳು ಗೆಳತಿ ಬೇಕಿತ್ತು. ಈ ಟಿವಿಯಿಂದ ಅದೊಂದು ಆದರೆ ಸಾಕೆನಿಸಿತು. ಇಲ್ಲಿಂದ ಮೂರು ಬಸ್ಸು ಹತ್ತಿಳಿದು ಹೋಗಬೇಕಾದ ಬೋರನಕಣಿವೆ ಕಡೆ ಮೇಷ್ಟ್ರಾಗಿರುವ ತಿಮ್ಮರಾಜು ನನ್ನ ಜೊತೆ ಟ್ರೈನಿಂಗ್ ಮಾಡಿದವರು. ಅವರ ಕ್ಲಾಸು ಮಕ್ಕಳಿಂದ ಗಿಜಿಗುಡುತ್ತದೆ. ಬುಧವಾರ ಬುಧವಾರ ವಿಡಿಯೊ ಕಾಲ್ ಮಾಡಿ ಎರಡೂ ಶಾಲೆಗೆ ಒಟ್ಟಿಗೆ ಪರಿಸರ ಪಾಠ ಮಾಡೋಣವೆಂದೆ. ಒಪ್ಪಿದರು. ನನ್ನ ಮೊಬೈಲನ್ನು ಟಿವಿಗೆ ಜೋಡಿಸಿ, ನಿಸರ್ಗಳ ಬೆಂಚಿನ ಮುಂದೆ, ಅವಳಷ್ಟೇ ಕಾಣುವ ಹಾಗೆ ನಿಲ್ಲಿಸಿದೆ. ಮೊದಲ ವಾರ ಅವಳು ಜಡೆಯ ತುದಿ ಕಚ್ಚಿಕೊಂಡು ಕೂತಳೇ ಹೊರತು ಹೆಸರನ್ನೂ ಹೇಳಲಿಲ್ಲ.

ಎರಡನೆಯ ವಾರ ಮನೆಯ ಬೆಳೆಯೊಂದನ್ನು ತಂದು ತೋರಿಸಬೇಕಿತ್ತು. ನಿಸರ್ಗ ಅಟ್ಟದಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯೊಂದನ್ನು ಸುಲಿಸಿಕೊಂಡು ತಂದಿದ್ದಳು. ನಮ್ಮ ಕಡೆ ಕಾಯಿ ಒಡೆಯುವ ಮೊದಲು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಸದ್ದು ಬರುತ್ತದೆ. ಸದ್ದಿಲ್ಲದಿದ್ದರೆ ಇನ್ನೂ ಕೊಬ್ಬರಿ ಆಗಿಲ್ಲ ಎಂದೇ ಲೆಕ್ಕ. ಅವಳು ಎದ್ದು ನಿಂತು, ಮೊಬೈಲಿನ ಹತ್ತಿರ ಕಾಯಿ ಹಿಡಿದು, ಜೋರಾಗಿ ಅಲ್ಲಾಡಿಸಿದಳು. ನನಗೆ ಚೆನ್ನಾಗಿಯೇ ಕೇಳಿಸಿತು.

ಆ ಕಡೆ ಮಕ್ಕಳು ಗೊಳ್ಳೆಂದು ನಕ್ಕರು.

"ಹಸಿ ಕಾಯಿ ತಂದವ್ಳೆ ಕಣ್ಲಾ! ಸದ್ದೇ ಇಲ್ಲ!"

ನಿಸರ್ಗ ಮತ್ತೆ ಅಲ್ಲಾಡಿಸಿದಳು. ಮತ್ತೆ ನಗು. ಕಾಯನ್ನು ಬ್ಯಾಗಿಗೆ ತುರುಕಿ ಕೂತವಳು ಸಂಜೆಯವರೆಗೂ ತಲೆ ಎತ್ತಲಿಲ್ಲ.

ಸಂಜೆ ತಿಮ್ಮರಾಜುಗೆ ಫೋನ್ ಮಾಡಿ ರೇಗಿದೆ. ಅವರು ಪೆಚ್ಚಾಗಿ, "ನಮ್ಗೆ ನಿಜ್ವಾಗ್ಲೂ ಕೇಳಿಸ್ಲಿಲ್ಲ ಕಣ್ರೀ ಮೇಡಂ. ಮಾತು ಬಿಟ್ಟು ಬೇರೆ ಸದ್ದನ್ನೆಲ್ಲ ವಿಡಿಯೊ ಕಾಲೇ ತಡೆದುಬುಡ್ತದೆ. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ" ಎಂದರು. ಮಾಡಿದೆ. ಆದರೆ ನಿಸರ್ಗಳನ್ನು ಮತ್ತೆ ಕಾಯಿ ತರಲು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮುಂದಿನ ಬುಧವಾರ ಅವಳು ಕೂತಲ್ಲಿಂದಲೇ, ಒಲ್ಲದ ಮನಸ್ಸಿನಿಂದ, ಒಮ್ಮೆ ಅಲ್ಲಾಡಿಸಿದಳು. ಲೊಡಲೊಡ.

"ಕೊಬ್ಬರಿ ಆಗೈತೆ ಕಣೇ!" ಎಂದಳು ಆ ಕಡೆ ಮುಂದಿನ ಸಾಲಿನ ಹುಡುಗಿ. ಮಧುಶ್ರೀ ಎಂದು ಹೆಸರು. ಆಮೇಲೆ ಅವಳು ಕಿವಿಗೊಟ್ಟು ಕೇಳಿದಳು. ಈಗ ನಮ್ಮ ಕಡೆಯ ಫ್ಯಾನಿನ ಕಿರುಗುಟ್ಟುವಿಕೆ, ಹೊರಗಿನ ಕಾಗೆ, ಎಲ್ಲವೂ ಅವರಿಗೆ ಕೇಳುತ್ತಿತ್ತು. "ನಿಮ್ ಕ್ಲಾಸಲ್ಲಿ ಯಾರೂ ಗಲಾಟೆನೇ ಮಾಡಲ್ವಾ? ಹಿಂದೆ ಕೂತಿರೋರ್ನೂ ತೋರ್ಸೇ."

ಹಿಂದೆ ಮಕ್ಕಳಿದ್ದಾರೆ ಎಂದೇ ಅವರೆಲ್ಲ ತಿಳಿದಿದ್ದರು. ಏನಾದರೊಂದು ಹೇಳಿ ತಪ್ಪಿಸೋಣವೆಂದು ಮುಂದೆ ಬರುವಷ್ಟರಲ್ಲಿ ನಿಸರ್ಗ ಮೊಬೈಲನ್ನು ಎತ್ತಿಕೊಂಡು ಕೋಣೆಯ ಸುತ್ತ ನಿಧಾನವಾಗಿ ತಿರುಗಿಸಿದಳು. ಖಾಲಿ ಬೆಂಚುಗಳು ಒಂದರ ಹಿಂದೊಂದು ಟಿವಿಯಲ್ಲಿ ಬಂದವು.

"ಯಾರೂ ಇಲ್ಲ. ನಾನೊಬ್ಳೇಯ."

ಮತ್ತೆ ನಕ್ಕುಬಿಟ್ಟರೆ ಏನು ಗತಿ ಎನಿಸಿತು. ಯಾರೂ ನಗಲಿಲ್ಲ. ಮಧುಶ್ರೀ ಕಣ್ಣರಳಿಸಿ ಕೇಳಿದಳು.

"ಹಂಗಾದ್ರೆ ಎಲ್ಲಾ ಬೆಂಚೂ ನಿಂದೇನಾ?"

ನಿಸರ್ಗ ಹಿಂದೆ ತಿರುಗಿ ಬೆಂಚುಗಳನ್ನೆಲ್ಲ ಒಮ್ಮೆ ನೋಡಿದಳು. ಅವು ತನ್ನವು ಎಂದು ಅವಳಿಗೆ ಅದುವರೆಗೆ ಹೊಳೆದಿರಲಿಲ್ಲವೇನೋ.

"ಹ್ಞೂಂ ಕಣೇ. ಬಾ, ಕಿಟಕಿ ಪಕ್ಕದ್ದು ನಿಂಗೆ ಕೊಡ್ತೀನಿ."

"ನಾಳೆ ಬತ್ತೀನಿ!" ಎಂದಳು ಮಧುಶ್ರೀ. ಮಕ್ಕಳ ಮಾತು. ನನಗೆ ಮಾತ್ರ ಬಹಳ ದಿನದ ಮೇಲೆ ಮನಸ್ಸು ಹಗುರವಾಯಿತು. ಮಗು ಬಾಯಿ ಬಿಟ್ಟಿತಲ್ಲ.

ಮಾರನೆಯ ದಿನ ನೊಣವಿನಕೆರೆಯಲ್ಲಿ ಬಸ್ಸು ಬದಲಿಸಿ ನಾನು ಬರುವ ಹೊತ್ತಿಗೆ ನಿಸರ್ಗ ಆಗಲೇ ಬಂದಿದ್ದಳು. ಕಿಟಕಿ ಪಕ್ಕದ ಬೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗೇಟಿನ ಹತ್ತಿರ ನಿಂತಿದ್ದಳು.

"ಅವ್ಳು ಯಾವ ಬಸ್ಸಿಗೆ ಬತ್ತಾಳೆ ಮಿಸ್?"

ಆ ಊರಿನಿಂದ ಇಲ್ಲಿಗೆ ನೇರ ಬಸ್ಸೇ ಇಲ್ಲ. ಬ್ಯಾಗು ಕೆಳಗಿಟ್ಟು ನಾನೂ ಅವಳ ಜೊತೆ ರಸ್ತೆ ನೋಡುತ್ತಾ ನಿಂತೆ.