ಊಟ ಹಾಕದೆ ಕೇಳಿದ ಮುಯ್ಯಿ

ಮಟನ್ ಅರವತ್ತು ಕೆಜಿ, ಎಂಟುನೂರರ ಲೆಕ್ಕದಲ್ಲಿ ನಲವತ್ತೆಂಟು ಸಾವಿರ. ಕೋಳಿ, ಅಕ್ಕಿ, ರಾಗಿಹಿಟ್ಟು, ಎಣ್ಣೆ, ಮಸಾಲೆ ಎಲ್ಲ ಸೇರಿ ಮೂವತ್ತೈದು. ಅಡುಗೆಯವರ ಕೂಲಿ ಇಪ್ಪತ್ತೆರಡು. ಶಾಮಿಯಾನ, ಕುರ್ಚಿ, ಪಾತ್ರೆಗಳಿಗೆ ಹದಿನೆಂಟು. ಪತ್ರಿಕೆ, ಫ್ಲೆಕ್ಸು, ಹೂವು, ಫೋಟೊದವನಿಗೆ ಹದಿನೈದು. ಮನೆಮಂದಿಗೆ ಬಟ್ಟೆ ಹನ್ನೆರಡು. ಮದ್ದೂರಿನಲ್ಲಿ ರೂಪಳ ಬಾಡಿಗೆ ಮನೆಯ ಜಗಲಿಯ ಮೇಲೆ ಕೂತು ಅಡುಗೆ ಕರಿಯಯ್ಯ ಬೆರಳು ಮಡಚಿ ಮಡಚಿ ಹೇಳಿ ಮುಗಿಸಿದಾಗ ಒಂದೂವರೆ ಲಕ್ಷವಾಯಿತು.

"ಇನ್ನೂರೈವತ್ತು ಜನಕ್ಕೆ ಇದಕ್ಕಿಂತ ಕಮ್ಮೀಲಿ ಆಗಕಿಲ್ಲ ಕಣವ್ವ. ಎಲೆ ಮೇಲೆ ಬಾಡು ಕಮ್ಮಿಯಾದ್ರೆ ಜನ ನಿಮ್ಮನ್ನ ಬೈಯಕಿಲ್ಲ, ನನ್ನ ಉಗೀತಾರೆ" ಎಂದ ಕರಿಯಯ್ಯ.

ರೂಪ ಮೊಬೈಲಿನಿಂದಲೇ ಐದು ಸಾವಿರ ಅಡ್ವಾನ್ಸ್ ಹಾಕಿದಳು. ಆ ಐದು ಸಾವಿರವೂ ಕ್ರೆಡಿಟ್ ಕಾರ್ಡಿನದೇ.

ಹೆಸರಿಗೆ ಅದು ನಾಲ್ಕು ವರ್ಷದ ಮಗಳು ಗಗನಳ ಕಿವಿ ಚುಚ್ಚುವ ಶಾಸ್ತ್ರ. ಅಸಲಿಗೆ ಗಂಡ ಹೆಂಡತಿ ಇಬ್ಬರೂ ಕೂತು ಹೂಡಿದ ಲೆಕ್ಕವೇ ಬೇರೆ. ಈ ಸೀಮೆಯಲ್ಲಿ ಮದುವೆ, ನಾಮಕರಣಕ್ಕೆ ಹೋದವರು ಉಂಡು ಕೈತೊಳೆದು ಹಾಗೇ ಎದ್ದು ಬರುವುದಿಲ್ಲ, ಮುಯ್ಯಿ ಎಂದು ದುಡ್ಡು ಹಾಕಿ ಬರುತ್ತಾರೆ. ಹಾಕಿಸಿಕೊಂಡವರು ನಮ್ಮ ಮನೆಯ ಕಾರ್ಯಕ್ಕೆ ಬಂದು ಅದನ್ನು ತೀರಿಸಬೇಕು, ಮೇಲೆ ಒಂದಿಷ್ಟು ಸೇರಿಸಿಯೇ ತೀರಿಸಬೇಕು. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ರೂಪ ಮತ್ತು ಶಿವರಾಜು ಮದುವೆಯಾದ ಆರು ವರ್ಷದಲ್ಲಿ ಹೋದ ಕಡೆಯೆಲ್ಲ ಮುಯ್ಯಿ ಹಾಕಿದ್ದರು. ತಮ್ಮ ಮನೆಯಲ್ಲಿ ಒಂದು ಕಾರ್ಯವನ್ನೂ ಮಾಡಿರಲಿಲ್ಲ. ಈಗ ಮಾಡಿದರೆ ಮೂರೂವರೆ ಲಕ್ಷವಾದರೂ ಬಂದೇ ಬರುತ್ತದೆ, ಖರ್ಚು ಕಳೆದು ಎರಡು ಲಕ್ಷ ಉಳಿಯುತ್ತದೆ ಎಂಬುದು ಅವರ ಅಂದಾಜು. ಮೂರು ಕಾರ್ಡುಗಳ ಮೇಲಿದ್ದ ಸಾಲ ಎರಡು ಲಕ್ಷ ಹದಿನೆಂಟು ಸಾವಿರ.

ಆ ಸಾಲ ಕುಡಿದು ಮಾಡಿದ್ದಲ್ಲ, ಇಸ್ಪೀಟಿನಲ್ಲಿ ಕಳೆದದ್ದೂ ಅಲ್ಲ. ಶಿವರಾಜು ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ಓಡಿಸುತ್ತಿದ್ದ. ಮೊದಲನೇ ಕಾರ್ಡನ್ನು ಫ್ಯಾಕ್ಟರಿ ಗೇಟಿನಲ್ಲಿ ಟೈ ಕಟ್ಟಿಕೊಂಡು ನಿಂತಿದ್ದ ಹುಡುಗನೊಬ್ಬ ಬಿಟ್ಟಿಯಾಗಿ ಮಾಡಿಸಿಕೊಟ್ಟ. ಫ್ರಿಜ್ಜು ಬಂತು, ಫೋನು ಬಂತು. ತಿಂಗಳು ತಿಂಗಳು ಬರುವ ಮೆಸೇಜಿನಲ್ಲಿ ಎರಡು ಮೊತ್ತ ಇರುತ್ತಿದ್ದವು. ಚಿಕ್ಕ ಮೊತ್ತವೇ ಕಂತು ಎಂದುಕೊಂಡು ರೂಪ ಒಂದು ದಿನವೂ ತಪ್ಪಿಸದೆ ಕಟ್ಟಿದಳು. ಎರಡು ವರ್ಷ ಕಟ್ಟಿದ ಮೇಲೂ ಸಾಲ ಇಳಿಯಲಿಲ್ಲ, ಏರಿತ್ತು. ಅವಳು ಕಟ್ಟಿದ್ದೆಲ್ಲ ಬಡ್ಡಿಯ ಬಾಯಿಗೆ ಹೋಗಿತ್ತು. ಆಮೇಲೆ ಒಂದನೇ ಕಾರ್ಡು ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಮಂಡ್ಯದ ಮೊಬೈಲ್ ಅಂಗಡಿಯೊಂದರಲ್ಲಿ ಕಾರ್ಡು ಉಜ್ಜಿದರೆ ನೂರಕ್ಕೆ ಎರಡೂವರೆ ಹಿಡಿದುಕೊಂಡು ನಗದು ಕೊಡುತ್ತಿದ್ದರು. ಶಿವರಾಜು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುತ್ತಿದ್ದ. ಹಾಕಿದ ಮುಯ್ಯಿಯಲ್ಲೂ ಮುಕ್ಕಾಲು ಪಾಲು ಹಾಗೇ ಉಜ್ಜಿಸಿ ತಂದದ್ದು.

ಕಿವಿ ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಹಾಗಾಗಿ ಮೊದಲ ಕರೆ ತವರಿಗೆ. ಒಂದು ಭಾನುವಾರ ರೂಪ ಮಗಳನ್ನು ಕರೆದುಕೊಂಡು ಮಳವಳ್ಳಿಯ ಬಸ್ಸು ಹತ್ತಿದಳು. ಅಣ್ಣ ಚಲುವರಾಜು ಅಲ್ಲಿ ಲಗೇಜ್ ಆಟೊ ಇಟ್ಟುಕೊಂಡು ಬದುಕುತ್ತಿದ್ದವನು. ವಿಷಯ ಕೇಳಿ ಅವನ ಮುಖ ಅರಳಿತು.

"ನನ್ ಸೊಸೆಗೆ ನಾಕು ಗ್ರಾಮಿನ ಓಲೆ ತತ್ತೀನಿ ಕಣಮ್ಮಿ. ನಿನಗೆ ಸೀರೆ, ಬಾವಂಗೆ ಪಂಚೆ. ಮಾವ ಬರಿಗೈಲಿ ಬಂದ ಅನ್ನುಸ್ಕೋಬಾರ್ದು" ಎಂದ.

"ನಾಕು ಗ್ರಾಮು ಅಂದ್ರೆ ಈಗ ಅರ್ಧ ಲಕ್ಷ. ಎಲ್ಲಿಂದ ತತ್ತೀರ?" ಎಂದಳು ಅವನ ಹೆಂಡತಿ ರಂಜಿತ, ಒಲೆಯ ಮುಂದಿನಿಂದ ತಿರುಗದೆ. "ಆಟೊ ಕಂತು ಎರಡು ತಿಂಗಳಿಂದ ನಿಂತದೆ."

"ನೀ ಸುಮ್ಕಿರು. ಈಗೆಲ್ಲ ಕೈಯಿಂದ ಕೊಡಂಗಿಲ್ಲ. ಅದ್ಯಾವುದೋ ಕಾರ್ಡು ಮಾಡಿಸ್ಕೊಟ್ರು ಮೊನ್ನೆ. ಅಂಗಡೀಲಿ ಉಜ್ಜಿದ್ರೆ ಆಯ್ತು. ತಿಂಗ್ಳು ತಿಂಗ್ಳು ಒಂಚೂರು ಕಟ್ಕಂಡೋದ್ರೆ ಗೊತ್ತೇ ಆಗಕಿಲ್ಲವಂತೆ."

ಮೊದಲ ಕಾರ್ಡು ಬಂದಾಗ ರೂಪ ಗಂಡನಿಗೆ ಹೇಳಿದ್ದು ಇದೇ ಮಾತು. ತಾನು ಬಾವಿಯಿಂದ ಮೇಲೆ ಬರಲು ಅಣ್ಣನ ಹೆಗಲ ಮೇಲೆ ಕಾಲಿಡುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು. ಅಣ್ಣನೊಬ್ಬನೇ ಅಲ್ಲ. ಬರುವ ಇನ್ನೂರೈವತ್ತು ಜನರಲ್ಲಿ ಎಷ್ಟು ಮಂದಿ ಹೀಗೇ ಉಜ್ಜಿಸಿಕೊಂಡು ಬರುತ್ತಾರೋ!

"ಅಣ್ಣ, ಆ ಕಾರ್ಡು ಮುಟ್ಟಬೇಡ" ಎಂದಳು. ಆಮೇಲೆ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿಬಿಟ್ಟಳು. ಎಷ್ಟು ಸಾಲ, ಎಷ್ಟು ಬಡ್ಡಿ, ಈ ಕಿವಿ ಚುಚ್ಚುವ ಊಟ ಯಾತಕ್ಕೆ ಎಂಬುದನ್ನೂ.

ರಂಜಿತ ಸೌಟು ಹಿಡಿದುಕೊಂಡೇ ಹೊರಬಂದಳು.

"ಅಂಗಾದ್ರೆ ನಮ್ಮ ಮಗೀಗೆ ಕಿವಿ ಚುಚ್ಚಕಲ್ಲ, ನೆಂಟರ ಜೇಬಿಗೆ ಚುಚ್ಚಕೆ ಕರೀತಾ ಇದ್ದೆ ಅನ್ನು. ಮುಯ್ಯೇ ಬೇಕು ಅಂದ್ರೆ ಅದ್ಯಾಕೆ ಆಡು ಕಡಿಸ್ತೀಯ? ಮನೆ ಮನೆಗೋಗಿ ಬಾಯ್ಬುಟ್ಟು ಕೇಳಬುಡು. ಒಂದೂವರೆ ಲಕ್ಷನಾದ್ರೂ ಉಳೀತದೆ!"

"ಏ, ಏನ್ ಮಾತು ಅಂತ ಆಡ್ತೀಯ!" ಎಂದು ಗದರಿದ ಚಲುವರಾಜು.

ಅವಳು ಆಡಿದ್ದು ಕುಟುಕಲಿಕ್ಕೆ. ರೂಪಳಿಗೆ ಅದು ಚುಚ್ಚಿದ್ದೂ ನಿಜ. ಆದರೆ ಊರಿಗೆ ವಾಪಸ್ಸಾಗುವ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ನಿದ್ದೆ ಹೋದ ಮೇಲೆ ಅದೇ ಮಾತನ್ನು ಅವಳು ತಿರುವಿ ಹಾಕಿ ನೋಡಿದಳು. ಅತ್ತಿಗೆಯ ಲೆಕ್ಕದಲ್ಲಿ ತಪ್ಪೇನಿತ್ತು? ಹಾಕಿದ್ದು ತಮ್ಮ ದುಡ್ಡು. ಹೊಸ ಓಲೆ ಕೊಳ್ಳುವಂತೆ ಯಾರ ಮೇಲೂ ಭಾರ ಹೇರಬೇಕಿಲ್ಲ. ಕೊಟ್ಟಷ್ಟೇ ಕೊಡಿ, ಮೇಲೆ ಒಂದು ರೂಪಾಯಿ ಬೇಡ ಎಂದರಾಯಿತು. ಹೋಗುವುದು ಮರ್ಯಾದೆ ಒಂದೇ.

ಆ ಮರ್ಯಾದೆ ಯಾರದು ಎಂಬುದೇ ತಕರಾರಾಯಿತು. ಶಿವರಾಜು ಊಟದ ತಟ್ಟೆ ದೂಡಿ ಎದ್ದ.

"ತಲೆ ಕೆಟ್ಟದಾ ನಿಂಗೆ? ಮುಯ್ಯಿ ಕೇಳಿ ಈಸ್ಕಂಡೋರ್ನ ಎಲ್ಲಾರ ನೋಡಿದ್ದೀಯ? ನಮ್ಮಪ್ಪ ಸಾಯೋಗಂಟ ಯಾರ ಬಾಗ್ಲಲ್ಲೂ ಕೈಯೊಡ್ಡಲಿಲ್ಲ."

"ತಿಂಗ್ಳು ತಿಂಗ್ಳು ಮೊಬೈಲ್ ಅಂಗಡಿ ಬಾಗ್ಲಲ್ಲಿ ಒಡ್ತಾ ಇದ್ದೀರಲ್ಲ, ಅದೇನು?"

"ಅವನು ನೆಂಟನಲ್ಲ ಕಣೆ. ಅವನಿಗೆ ನಮ್ಮ ಮನೆತನ ಗೊತ್ತಿಲ್ಲ."

"ಸರಿ ಬುಡಿ. ನೀವು ಬರಬೇಡಿ. ನಾನೇ ಓಯ್ತೀನಿ."

ಅವಳು ಮೊದಲು ಹೋಗಿದ್ದೇ ಎಲ್ಲಕ್ಕಿಂತ ಕಷ್ಟದ ಮನೆಗೆ. ಹೊಳಲಿನ ಕೆಂಪಯ್ಯ ಶಿವರಾಜುವಿನ ಚಿಕ್ಕಪ್ಪ, ಕುಲಕ್ಕೆ ಹಿರಿಯ. ಅಪ್ಪ ಹೋದ ಮೇಲೆ ಶಿವರಾಜುವಿನ ಮದುವೆ ನಿಂತು ಮಾಡಿಸಿದವನೂ ಅವನೇ. ಅವನ ದೊಡ್ಡ ಮಗಳ ಮದುವೆಗೆ ಇವರು ಇಪ್ಪತ್ತೈದು ಸಾವಿರ ಮುಯ್ಯಿ ಹಾಕಿದ್ದರು. ಅವನು ಒಪ್ಪಿ ಕೊಟ್ಟರೆ ಉಳಿದವರು ಕೊಡುತ್ತಾರೆ. ಅವನು ಉಗಿದು ಕಳಿಸಿದರೆ ಬೇರೆ ಯಾರ ಬಾಗಿಲೂ ತೆರೆಯುವುದಿಲ್ಲ.

ಕೆಂಪಯ್ಯ ಹಟ್ಟಿಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವನ ಹೆಂಡತಿ ಮಲ್ಲಿಗಮ್ಮ ಮಜ್ಜಿಗೆ ತಂದುಕೊಟ್ಟಳು.

"ಮಗೀಗೆ ಕಿವಿ ಚುಚ್ಚುಸ್ತೀರಂತೆ, ಕರಿಯಯ್ಯ ಸಿಕ್ಕಿ ಯೋಳ್ದ. ಊಟ ಯಾವತ್ತು?" ಎಂದ ಕೆಂಪಯ್ಯ.

"ಊಟ ಇಲ್ಲ ಮಾವ."

"ಮತ್ತೆ?"

ರೂಪ ಹೇಳಿದಳು. ನೆಲ ನೋಡಿಕೊಂಡು ಹೇಳಬಾರದು ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದಳು. ಅವನ ಮುಖ ನೋಡಿಕೊಂಡೇ ಹೇಳಿದಳು. ಕಡೆಯ ಮಾತನ್ನು ಮಜ್ಜಿಗೆ ಲೋಟ ಕೆಳಗಿಟ್ಟು ಹೇಳಿದಳು: "ನಾವು ಹಾಕಿದ ಮುಯ್ಯಿ, ಅಷ್ಟೇ ಕೊಟ್ಟರೆ ಸಾಕು ಮಾವ."

ಕೆಂಪಯ್ಯ ಕೈಲಿದ್ದ ಹುಲ್ಲನ್ನು ಕೆಳಗೆ ಹಾಕಿದ.

"ನಿನ್ನ ಗಂಡ ಎಲ್ಲವ್ನೆ?"

"ಡ್ಯೂಟಿಗೆ ಹೋಗವ್ರೆ."

"ಡ್ಯೂಟಿಗೋ, ಮರೆಗೋ? ಎಂಗಸ್ನ ಮುಂದೆ ಬುಟ್ಟು ಮುಯ್ಯಿ ಕೇಳುಸ್ತಾನಾ ಅವನು?"

"ಅವರು ಬೇಡ ಅಂದ್ರು ಮಾವ. ನಾನೇ ಬಂದೆ."

"ಕೊಟ್ಬುಡಿ ಅತ್ಲಾಗೆ, ಪಾಪ" ಎಂದಳು ಮಲ್ಲಿಗಮ್ಮ.

"ಕೊಡದೆ ಮಡಿಕತೀನಾ ನಾನು? ಆದ್ರೆ ಎಂಗಸ್ನ ಕೈಗೆ ಕೊಡಾಕಿಲ್ಲ. ಬರೋ ಭಾನುವಾರ ಅವನೇ ಬರಬೇಕು. ಬಂದು ಕೈಯಾರ ಈಸ್ಕಳ್ಳಲಿ." ಅಷ್ಟು ಹೇಳಿ ಕೆಂಪಯ್ಯ ಹುಲ್ಲು ಎತ್ತಿಕೊಂಡು ಕೊಟ್ಟಿಗೆಯೊಳಗೆ ಹೋದ. ಅವಳು ಹೊರಡುವವರೆಗೂ ಹೊರಗೆ ಬರಲಿಲ್ಲ.

ಚಿಕ್ಕಪ್ಪನ ಮಾತನ್ನು ರೂಪ ಶಿವರಾಜುವಿಗೆ ಮುಟ್ಟಿಸಿದಳು. ಹೋಗು ಎಂದು ಮಾತ್ರ ಒತ್ತಾಯಿಸಲಿಲ್ಲ. ಶನಿವಾರ ಒಂದು ಕಾರ್ಡಿನವರ ಫೋನು ಬಂತು. ಮಾತಾಡಿದ ಹುಡುಗಿಯ ದನಿ ತುಂಬ ನಯ. ನೀವು ತಪ್ಪದೆ ಕಟ್ಟುತ್ತಿದ್ದೀರಿ ಸಾರ್, ಅದಕ್ಕೆ ನಿಮಗೆ ಇನ್ನೂ ಐವತ್ತು ಸಾವಿರ ಲಿಮಿಟ್ ಏರಿಸುತ್ತೇವೆ ಎಂದಳು. ಶಿವರಾಜು "ಬೇಡ ಕಣಮ್ಮ" ಎಂದು ಫೋನಿಟ್ಟ. ಮರುದಿನ ಬೆಳಗ್ಗೆ ಬಿಳಿ ಅಂಗಿ ಹಾಕಿಕೊಂಡು "ನಡಿ" ಎಂದ.

ಹೊಳಲಿನಲ್ಲಿ ಕೆಂಪಯ್ಯ ಒಬ್ಬನೇ ಇರಲಿಲ್ಲ. ದಾಯಾದಿಗಳ ಮನೆಯ ಐದಾರು ಹಿರಿಯರು ಜಗಲಿಯ ಮೇಲೆ ಕೂತಿದ್ದರು. ಮದುವೆ ಮನೆಯಲ್ಲಿ ಇಡುವಂತೆ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಮೇಲೆ ದುಡ್ಡಿನ ಕಟ್ಟು. ಶಿವರಾಜುವಿನ ಕಿವಿ ಕೆಂಪಾದದ್ದು ರೂಪಳಿಗೆ ಕಾಣಿಸಿತು.

"ಇದರಲ್ಲಿ ನೀನು ಹಾಕಿದ ಇಪ್ಪತ್ತೈದು ಸಾವಿರ ಅದೆ. ಎಣಿಸ್ಕೊ" ಎಂದ ಕೆಂಪಯ್ಯ.

"ಬೇಡ ಚಿಕ್ಕಪ್ಪ."

"ಎಣಿಸ್ಲಾ. ಕೇಳಿ ಈಸ್ಕಳ್ಳೋ ದುಡ್ನ ಎಣಿಸಿ ಈಸ್ಕಬೇಕು."

ಅವನು ಎಣಿಸಿದ. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಬೇಕಾಯಿತು. ಜಗಲಿಯ ಮೇಲಿದ್ದವರು ಯಾರೂ ಕಣ್ಣು ಬೇರೆ ಕಡೆಗೆ ತಿರುಗಿಸಲಿಲ್ಲ.

"ಸರಿ ಅದೆ" ಎಂದ.

"ಇಲ್ಲಿಗೆ ನಿನ್ನ ಮುಯ್ಯಿ ನನ್ನ ಮುಯ್ಯಿ ತೀರ್ತು ಕಣಪ್ಪ. ಮುಯ್ಯಿ ಅನ್ನೋದು ಬರೀ ದುಡ್ಡಲ್ಲ, ನಿಮ್ಮನೆಗೆ ನಾನು ಬತ್ತೀನಿ, ನಮ್ಮನೆಗೆ ನೀನು ಬತ್ತೀಯ ಅಂತ. ನೀನು ದುಡ್ಡು ಈಸ್ಕಂಡೆ, ಬರೋದು ಓಗೋದನ್ನ ಬುಟ್ಟೆ. ಇನ್ನು ಉಂಡೋಗಿ."

ಮಲ್ಲಿಗಮ್ಮ ಮುದ್ದೆ ಬಡಿಸಿದಳು. ಅವರು ಉಂಡರು.

ಕೆಂಪಯ್ಯ ಮುಯ್ಯಿ ವಾಪಸ್ ಕೊಟ್ಟ ಸುದ್ದಿ ಅವರಿಗಿಂತ ಮೊದಲೇ ಊರೂರಿಗೆ ಮುಟ್ಟಿತ್ತು. ಹಿರಿಯ ಕೊಟ್ಟ ಮೇಲೆ ಇಲ್ಲ ಎನ್ನಲು ಹಲವರಿಗೆ ಬಾಯಿ ಬರಲಿಲ್ಲ. ಅಲ್ಲಿಂದ ಮುಂದೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಹೋದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕೊಟ್ಟರು. ಕೆಲವರು ಊಟ ಹಾಕಿದ ದಿನ ಬತ್ತೀವಿ ಎಂದು ನಕ್ಕು ಕಳಿಸಿದರು. ಕೊಕ್ಕರೆ ಬೆಳ್ಳೂರಿನ ದೂರದ ನೆಂಟರ ಹೆಂಗಸೊಬ್ಬಳು ಕೊಡಲು ಏನೂ ಇಲ್ಲದೆ ಅತ್ತಳು. ಅವಳ ಎರಡು ಸಾವಿರವನ್ನು ರೂಪ ಅಲ್ಲಿಗೇ ಬಿಟ್ಟಳು. ಕರಿಯಯ್ಯ ಅಡ್ವಾನ್ಸಿನಲ್ಲಿ ಒಂದು ಪೈಸೆ ವಾಪಸ್ ಕೊಡಲಿಲ್ಲ. ಗಗನಳ ಕಿವಿಯನ್ನು ಮಳವಳ್ಳಿಯ ಆಚಾರಿಯೊಬ್ಬ ತನ್ನ ಅಂಗಡಿಯಲ್ಲೇ ಚುಚ್ಚಿದ. ಚಲುವರಾಜುವಿನ ತೊಡೆಯ ಮೇಲೆ ಕೂತು ಮಗು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ರಂಜಿತ ಸಕ್ಕರೆ ತಿನ್ನಿಸಿ, "ನೋಡಿದ್ರಾ, ಬಾಡೂಟ ಇಲ್ದೆನೂ ಕಿವಿ ತೂತಾಯ್ತದೆ" ಎಂದಳು. ಓಲೆ ಅರ್ಧ ಗ್ರಾಮಿನ ಚಿನ್ನದ ತಂತಿ.

ಒಟ್ಟು ಕೂಡಿದ್ದು ಒಂದು ಲಕ್ಷ ಮೂವತ್ತೆರಡು ಸಾವಿರ. ಬಡ್ಡಿ ಹೆಚ್ಚಿದ್ದ ಕಾರ್ಡಿಗೆ ಮೊದಲು ಕಟ್ಟಿ ಮುಚ್ಚಿಸಿದರು, ಆಮೇಲೆ ಎರಡನೆಯದು. ಉಳಿದದ್ದು ಸಂಬಳದಲ್ಲೇ ತೀರಬೇಕಿತ್ತು. ಮೊಬೈಲ್ ಅಂಗಡಿಗೆ ಹೋಗುವುದು ನಿಂತಿತು. ಭಾನುವಾರದ ಮಟನ್ ಹಬ್ಬಕ್ಕೆ ಮಾತ್ರ ಎಂದಾಯಿತು, ಮಿಕ್ಕ ವಾರ ಮೊಟ್ಟೆ, ಅವರೆಕಾಳು. ಮನೆಗೆ ಡಬ್ಬ ತಂದಿಳಿಸುವ ಆನ್‌ಲೈನ್ ಅಂಗಡಿಗಳನ್ನು ಫೋನಿನಿಂದ ಅಳಿಸಿದರು. ಫೋನು ರೀಚಾರ್ಜು ಇಬ್ಬರದೂ ಅಗ್ಗದ್ದು. ರೂಪ ಅಕ್ಕಪಕ್ಕದವರಿಗೆ ಆಗೀಗ ಮಾಡುತ್ತಿದ್ದ ರವಿಕೆ ಹೊಲಿಗೆಯನ್ನು ಹೆಚ್ಚಿಸಿದಳು. ಸಾಲಕ್ಕೆ ಹೊಲಿದುಕೊಟ್ಟ ರವಿಕೆಯ ಕೂಲಿಯನ್ನು ಕೇಳಿ ಈಸಿಕೊಳ್ಳಲು ಅವಳಿಗೆ ಈಗ ನಾಚಿಕೆ ಇರಲಿಲ್ಲ. ಹೊಸ ಮದುವೆಗಳಿಗೆ ಕರೆ ಬಂದರೆ ಹೋಗಿ, ಇನ್ನೂರು ರೂಪಾಯಿಯ ಸ್ಟೀಲ್ ಪಾತ್ರೆ ಕೊಟ್ಟು, ಅಕ್ಷತೆ ಹಾಕಿ ಬಂದರು. ಕರೆ ಬರುವುದೂ ಕಡಿಮೆಯಾಯಿತು.

ಹದಿನಾಲ್ಕು ತಿಂಗಳಾದ ಮೇಲೆ ಕೊನೆಯ ಕಾರ್ಡು ಮುಚ್ಚಿತು. ಸಾಲವಿಲ್ಲ ಎಂಬ ಮೆಸೇಜನ್ನು ಶಿವರಾಜು ಓದಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಅವಳೂ ಓದಿದಳು. ಆ ತಿಂಗಳ ಸಂಬಳ ಬಂದ ಐದನೇ ದಿನವೂ ಖಾತೆಯಲ್ಲೇ ಇತ್ತು. ಅದನ್ನು ನೋಡಿ ಇಬ್ಬರಿಗೂ ಏನೋ ಮರೆತಂತೆ ಗಾಬರಿಯಾಯಿತು.

ಅದೇ ತಿಂಗಳು ಕೆಂಪಯ್ಯನ ಎರಡನೇ ಮಗಳ ಮದುವೆ ಮಂಡ್ಯದ ಛತ್ರದಲ್ಲಿ ನಡೆಯಿತು. ಪತ್ರಿಕೆ ಇವರ ಮನೆಗೆ ಬರಲಿಲ್ಲ. ಫ್ಯಾಕ್ಟರಿಯ ಬಸ್ಸು ಹೋಗುವ ದಾರಿಯಲ್ಲೇ ಆ ಛತ್ರ. ಶಿವರಾಜು ಅದರ ಮುಂದೆಯೇ ಬಸ್ಸು ಓಡಿಸಿಕೊಂಡು ಹೋದ. ಬಾಗಿಲಲ್ಲಿ ಪೇಟ ಕಟ್ಟಿಕೊಂಡು ಚಿಕ್ಕಪ್ಪ ನಿಂತಿದ್ದ, ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಮನೆಗೆ ಬಂದು ಇದನ್ನು ಹೇಳಿದಾಗ ರೂಪ, "ನಂದೇ ತಪ್ಪು ಅನ್ನುಸ್ತದಾ?" ಎಂದು ಕೇಳಿದಳು.

"ಇಲ್ಲ ಕಣೆ" ಎಂದ ಶಿವರಾಜು. ಅಂಗಿ ಕಳಚಿ ಗೂಟಕ್ಕೆ ಹಾಕುತ್ತ, "ಆದ್ರೂ ಓಗಬೇಕಿತ್ತು ಅನ್ನುಸ್ತು" ಎಂದ.

ಎರಡು ಲಕ್ಷ ಹದಿನೆಂಟು ಸಾವಿರದ ಸಾಲ ತೀರಿತ್ತು. ಅಪ್ಪ ಸತ್ತ ಮೇಲೆ ಅಪ್ಪನ ಜಾಗದಲ್ಲಿದ್ದ ಚಿಕ್ಕಪ್ಪನ ಮನೆ ಕೈಬಿಟ್ಟು ಹೋಗಿತ್ತು.