ಉಂಡೆಯಮ್ಮ ಬಿಚ್ಚಿದ ಸ್ವೆಟರ್

ಬೀದಿಯವರು ಆಕೆಗೆ ಉಂಡೆಯಮ್ಮ ಎಂದು ಹೆಸರಿಟ್ಟು ಮೂವತ್ತು ವರ್ಷವಾಗಿತ್ತು. ಹರಿದ ಸ್ವೆಟರ್, ಇಲಿ ಕಡಿದ ಮಫ್ಲರ್, ಒಂಟಿ ಕಾಲುಚೀಲ, ಏನೇ ಕೊಡಿ, ಸಂಜೆಯೊಳಗೆ ಬಿಚ್ಚಿ ಉಂಡೆ ಸುತ್ತಿಡುತ್ತಿದ್ದಳು. ಮನೆಯಲ್ಲಿ ಗೇಣುದ್ದ ನೂಲಿರುವಾಗ ಅಂಗಡಿಗೆ ಹೋಗುವುದೆಂದರೆ ಆಕೆಗೆ ಮೈ ಉರಿಯುತ್ತಿತ್ತು. ಗಂಡ ತೀರಿಕೊಂಡ ತಿಂಗಳೊಳಗೆ ಅವನ ಸ್ವೆಟರನ್ನೇ ಬಿಚ್ಚಿ, ಬಿಸಿ ಪಾತ್ರೆ ಇಳಿಸಲು ಹಿಡಿಬಟ್ಟೆ ಹೆಣೆದುಕೊಂಡ ಗಟ್ಟಿಗಿತ್ತಿ. ಯಾರೋ ಹುಬ್ಬೇರಿಸಿದ್ದಕ್ಕೆ, "ಅವರಿದ್ದಿದ್ರೂ ಇದನ್ನೇ ಹೇಳ್ತಿದ್ರು, ನಿಮಗೇನು?" ಎಂದು ಬಾಯಿ ಮುಚ್ಚಿಸಿದ್ದಳು.

ಆ ಗುರುವಾರ ಮೇಲಿನ ಮನೆಯ ಟೀಚರಮ್ಮನಿಗೆ ಹೆಣೆಯುತ್ತಿದ್ದ ಶಾಲಿಗೆ ನಾಲ್ಕು ಬೆರಳಿನಷ್ಟು ಅಂಚು ಉಳಿದಿತ್ತು, ನಿಂಬೆ ಬಣ್ಣದ ಉಣ್ಣೆ ಮುಗಿದುಹೋಗಿತ್ತು. ಮಗಳು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗಿದ್ದಳು. ಉಂಡೆಯಮ್ಮ ಮನೆಯೆಲ್ಲ ತಡಕಾಡಿದಳು. ಮಗಳ ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ರಗ್ಗಿನ ಹಿಂದೆ, ಬಿಳಿ ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಅಂಗೈಯಗಲದ ನಿಂಬೆ ಬಣ್ಣದ ಸ್ವೆಟರ್. ಯಾರೋ ಕೊಟ್ಟಿದ್ದನ್ನು ತಾನೇ ಇಟ್ಟು ಮರೆತಿರಬೇಕು ಎಂದುಕೊಂಡಳು. ಬಿಸಿಲಿಗೆ ಕೂತು, ಕುತ್ತಿಗೆಯ ಹತ್ತಿರ ಎಳೆಯ ತುದಿ ಹುಡುಕಿ ಎಳೆದಳು. ಬಿಚ್ಚುವಾಗ ಸಾಲು ಎಣಿಸುವುದು ಆಕೆಯ ಚಟ. ಎಣಿಸುತ್ತ ಎಣಿಸುತ್ತ ಪೂರ್ತಿ ಬಿಚ್ಚಿದಳು.

ಖಾಲಿ ಬಟ್ಟೆ ಕೊಡವಿದಾಗ ಪುಟ್ಟ ಪಟ್ಟಿಯೊಂದು ಕೆಳಗೆ ಬಿತ್ತು. ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಕಟ್ಟುವಂಥದ್ದು. ಮಗುವಿನ ಹೆಸರಿರಲಿಲ್ಲ; ಇಂಥವಳ ಹೆಣ್ಣುಮಗು ಎಂದು ಮಗಳ ಹೆಸರು, ಒಂದು ತಾರೀಕು. ಎಂಟು ವರ್ಷದ ಹಿಂದಿನದು.

ಉಂಡೆಯಮ್ಮ ಪಟ್ಟಿಯನ್ನು ಎತ್ತಿ ಮತ್ತೊಮ್ಮೆ ಓದಿದಳು. ಆ ಮಗು ಕಣ್ಣು ಬಿಟ್ಟಿರಲೇ ಇಲ್ಲ. ಮಗಳು ಗಂಡನ ಮನೆ ಬಿಟ್ಟು ಬರುವಾಗ ಒಂದೇ ಚೀಲ ತಂದಿದ್ದಳು. ಅದರಲ್ಲಿ ಏನಿದೆ ಎಂದು ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಮಗಳು ಬಾಗಿಲು ಹಾಕಿಕೊಂಡರೆ, ಪಾಪ, ವಾರವೆಲ್ಲ ನಿಂತೇ ಇರುತ್ತಾಳೆ, ಮಲಗಲಿ ಎಂದು ಸುಮ್ಮನಿರುತ್ತಿದ್ದಳು. ಮಲಗುತ್ತಿರಲಿಲ್ಲ ಎಂಬುದು ಈಗ ತಿಳಿಯಿತು.

ಹೇಳಿಬಿಡಬೇಕಿತ್ತು. ಆದರೆ ಹೇಳಲು ಎದೆ ಬೇಕಲ್ಲ! ಆಕೆಗಿದ್ದದ್ದು ಕೈ ಮಾತ್ರ. ಬಿಚ್ಚಿದ್ದನ್ನು ಹೆಣೆದರಾಯಿತು, ಎಳೆ ಅದೇ, ಲೆಕ್ಕವೂ ಬಾಯಲ್ಲೇ ಇದೆ, ಭಾನುವಾರಕ್ಕೆ ಇನ್ನೂ ಸಮಯವಿದೆ. ಸುರುಳಿಗಟ್ಟಿದ ಉಣ್ಣೆಯನ್ನು ಕುದಿಯುವ ನೀರಿನ ಹಬೆಗೆ ಹಿಡಿದು ನೆಟ್ಟಗೆ ಮಾಡಿದಳು. ಹೆಣಿಗೆಯ ಸಣ್ಣ ಕಡ್ಡಿ ತೆಗೆದಳು. ಮಗಳು ಕೆಲಸಕ್ಕೆ ಹೋದ ಹೊತ್ತಿನಲ್ಲೆಲ್ಲ ಹೆಣೆದಳು. ಬಾಗಿಲು ಸದ್ದಾದರೆ ದಿಂಬಿನಡಿಗೆ ತುರುಕಿದಳು. ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಎದ್ದಳು. "ಹುಷಾರಿಲ್ವಾ ಅಮ್ಮಾ?" ಎಂದು ಮಗಳು ಹಣೆ ಮುಟ್ಟಿ ನೋಡಿದಾಗ ಕಳ್ಳಿಯ ಹಾಗೆ ಮುಖ ತಿರುಗಿಸಿದಳು. ಶನಿವಾರ ಸಂಜೆ ಕೊನೆಯ ಎಳೆ ಕತ್ತರಿಸಿ, ಪಟ್ಟಿಯನ್ನು ಒಳಗಿಟ್ಟು, ಗಂಟು ಕಟ್ಟಿ ಇದ್ದಲ್ಲೇ ಇಟ್ಟಳು. ಮೂವತ್ತು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾಗಿ ಆಕೆ ಏನನ್ನೂ ಹೆಣೆದಿರಲಿಲ್ಲ.

ಭಾನುವಾರ ಮಗಳು ಬಾಗಿಲು ಹಾಕಿಕೊಂಡಳು. ಅರೆಗಳಿಗೆಯಲ್ಲಿ ಸ್ವೆಟರ್ ಹಿಡಿದು ಹೊರಗೆ ಬಂದಳು.

"ಅಮ್ಮಾ, ಇದು ನಂದಲ್ಲ."

"ಏನದು? ಯಾರದ್ದು?" ಎಂದಳು ಉಂಡೆಯಮ್ಮ, ತಲೆಯೆತ್ತದೆ.

"ಸುಳ್ಳು ಹೇಳ್ಬೇಡ. ಇಲ್ಲಿ, ಎಡ ತೋಳಿನ ಹತ್ರ, ಮೂರು ಕುಣಿಕೆ ತಿರುಚಿಕೊಂಡಿತ್ತು. ಅದೆಲ್ಲಿ?"

ಬಿಚ್ಚುವಾಗ ಆ ಜಾಗ ಉಂಡೆಯಮ್ಮನ ಬೆರಳಿಗೆ ತಡೆದಿತ್ತು. ಯಾವಳೋ ಅರೆಬರೆ ಕಲಿತವಳ ಕೆಲಸ ಎಂದು ನಕ್ಕಿದ್ದಳು. ಹೆಣೆಯುವಾಗ ಅದನ್ನು ಯೋಚಿಸಿಯೂ ಇರಲಿಲ್ಲ. ತಪ್ಪು ಕಂಡಲ್ಲಿ ತಿದ್ದುವುದು ಅವಳ ಕೈಗೆ ರೂಢಿ.

"ಗೊತ್ತಿಲ್ದೆ ಬಿಚ್ಚಿಬಿಟ್ಟೆ ಕಣೇ. ಆಮೇಲೆ ಪಟ್ಟಿ ಸಿಕ್ತು. ಅದೇ ಉಣ್ಣೆ, ಅಷ್ಟೇ ಸಾಲು, ಒಂದೂ ಬಿಟ್ಟಿಲ್ಲ," ಎಂದು ತೊದಲಿದಳು. ಅಷ್ಟಕ್ಕೇ ನಿಲ್ಲಿಸದೆ, "ಮೂರೇ ಕುಣಿಕೆ ತಾನೇ? ಕೊಡು ಇಲ್ಲಿ, ಮತ್ತೆ ತಿರುಚಿ ಹಾಕ್ಕೊಡ್ತೀನಿ," ಎಂದೂ ಅಂದುಬಿಟ್ಟಳು.

ಮಗಳು ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಗೋಡೆಗೊರಗಿ ನೆಲದ ಮೇಲೆ ಕುಳಿತಳು. ಬೆರಳು ಆ ಜಾಗವನ್ನು ಸವರುತ್ತಲೇ ಇತ್ತು.

"ಆ ತಪ್ಪು ನಾನು ಮಾಡಿದ್ದಲ್ಲ ಅಮ್ಮಾ. ಹೆಣೀತಾ ಕೂತಿದ್ದೆ. ಒಳಗಿಂದ ಒದೀತು. ಎಂಥಾ ಒದೆ ಅಂತೀಯ, ಕಡ್ಡಿನೇ ಜಾರಿ ಹೋಯ್ತು. ಮೂರು ಕುಣಿಕೆ ಉದುರಿತು, ಎತ್ತಿ ಹಾಕ್ಕೊಳ್ವಾಗ ತಿರುಚಿಕೊಂಡ್ವು. ನಗು ಬಂತು, ಹಾಗೇ ಬಿಟ್ಟೆ." ಸ್ವೆಟರನ್ನು ಮಡಿಲಲ್ಲಿ ಹರಡಿ ಹೇಳಿದಳು, "ನನ್ನ ಮಗಳು ಈ ಲೋಕದಲ್ಲಿ ಮಾಡಿದ್ದು ಅಂತ ಇದ್ದಿದ್ದು ಅದೊಂದೇ."