ಬಾಣಂತಿಯ ಜೀರಿಗೆ

ನಾನು ಜೀರಿಗೆ ಹುರಿಯುವಾಗ ಯಾರೂ ಮಾತಾಡಿಸಬಾರದು. ಉರಿ ಸಣ್ಣಗಿರಬೇಕು, ಕೈ ನಿಲ್ಲಬಾರದು, ಕಾಳು ಬಣ್ಣ ತಿರುಗಿ ಘಮ್ಮೆಂದ ಕೂಡಲೇ ಬಾಣಲೆ ಇಳಿಸಬೇಕು. ಸ್ವಲ್ಪ ಮೈಮರೆತರೂ ಕಹಿ. ಆದರೆ ಆವತ್ತು ಬೀಗಿತ್ತಿ ಭಾಗಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಒಂದೇ ಸಮನೆ ಮಾತಾಡುತ್ತಿದ್ದರು. ಮಗಳು ದಿವ್ಯಾಳ ಅತ್ತೆ ಅವರು. ಮೊಮ್ಮಗನನ್ನು ನೋಡಲು ಸಂಸೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು.

"ಇಷ್ಟೆಲ್ಲಾ ಯಾಕೆ ಕಷ್ಟ ಪಡ್ತೀರಿ ಪಾಪಮ್ಮನವ್ರೇ? ನಾನು ಕಳಸದಿಂದ ಪ್ಯಾಕೆಟ್ ಪುಡಿ ತಂದಿದೀನಲ್ಲ."

"ಪ್ಯಾಕೆಟ್ಟಲ್ಲಿ ಏನು ಬೆರೆಸಿರ್ತಾರೋ ಯಾರು ಕಂಡಿದಾರೆ?" ಎಂದೆ. "ನಮ್ಮನೇಲಿ ಬಾಣಂತಿಗೆ ಕೈಯಲ್ಲಿ ಕುಟ್ಟಿದ್ದನ್ನೇ ಹಾಕೋದು."

ಭಾಗಮ್ಮನ ಮುಖ ಸಣ್ಣದಾಯಿತು. ಆಗಲಿ ಎಂದುಕೊಂಡೆ. ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ಅವಳ ಪಥ್ಯ ನನ್ನ ಜವಾಬ್ದಾರಿ. ಬಿಸಿ ಅನ್ನದ ಮೊದಲ ತುತ್ತಿಗೆ ತುಪ್ಪ, ಆಗಷ್ಟೇ ಕುಟ್ಟಿದ ಜೀರಿಗೆ ಪುಡಿ. ಮಿಕ್ಸಿ ಇಲ್ಲದ ಮನೆಯೇನಲ್ಲ ನಮ್ಮದು. ಆದರೆ ಮಿಕ್ಸಿಗೆ ಹಾಕಿದರೆ ಪುಡಿ ಬಿಸಿಯಾಗಿ ಅರ್ಧ ಘಮ ಅಲ್ಲೇ ಹೋಗುತ್ತದೆ. ಅದಕ್ಕೇ ನನ್ನಮ್ಮ ಕೊಟ್ಟ ಕಲ್ಲಿನ ಕುಟ್ಟಾಣಿ ಬಾಣಂತಿಯ ಜೀರಿಗೆಗೆಂದೇ ಮೀಸಲು.

ಕುಟ್ಟಾಣಿ ತರಲು ಹಿಂದಿನ ಜಗಲಿಗೆ ಹೋದರೆ ಅದು ಅದರ ಜಾಗದಲ್ಲಿರಲಿಲ್ಲ. ನಲ್ಲಿಯ ಪಕ್ಕ ಬೋರಲು ಬಿದ್ದಿತ್ತು, ಇನ್ನೂ ಹಸಿ ಆರಿರಲಿಲ್ಲ. ನನಗೆ ಸಿಟ್ಟು ಬಂತು. ನನ್ನನ್ನು ಬಿಟ್ಟು ಅದನ್ನು ಯಾರೂ ಮುಟ್ಟುವಂತಿಲ್ಲ.

ನಮ್ಮ ಯಜಮಾನರು ಚನ್ನಕೇಶವ ಮುಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಬೆಳಗಿನಿಂದ ಅವರ ತಲೆ ಕಾದ ಹೆಂಚಾಗಿತ್ತು. ವಾರವಿಡೀ ಸುರಿದ ಮಳೆ ಆವತ್ತು ಹೊಳವು ಕೊಟ್ಟಿತ್ತು, ಕಾಫಿ ಗಿಡಗಳಿಗೆ ಔಷಧಿ ಹೊಡೆಯಲು ಆಳುಗಳು ಬಂದು ಕಾದಿದ್ದರು, ಆದರೆ ಮೈಲುತುತ್ತವನ್ನು ರಾತ್ರಿಯೇ ನೆನೆಹಾಕುವುದನ್ನು ಇವರು ಮರೆತಿದ್ದರು. ಆ ನೀಲಿ ಹರಳುಗಳು ಥಂಡಿಗೆ ಗಟ್ಟಿಯಾಗಿ ಬೆಲ್ಲದಚ್ಚಿನಂತೆ ಕೂತಿದ್ದವು. ಅದಕ್ಕೂ ಮೇಸ್ತ್ರಿ ಮಂಜಯ್ಯನಿಗೇ ಬೈಗುಳ. ಆಮೇಲೆ ಹೇಗೋ ಕರಗಿತಂತೆ, ತೋಟದ ಕೆಳಗಿನ ಪಟ್ಟೆಯಲ್ಲಿ ಸ್ಪ್ರೇಯರ್ ಸದ್ದು ಕೇಳುತ್ತಿತ್ತು.

"ನನ್ನ ಕುಟ್ಟಾಣಿ ಯಾರು ತೊಳೆದಿಟ್ಟಿದ್ದು?" ಎಂದು ಕೇಳಿದೆ.

"ನಂಗೇನು ಗೊತ್ತು? ನಿನ್ನ ಪಾತ್ರೆ ಪಡಗ ಕಾಯ್ತಾ ಕೂತಿದೀನಾ ನಾನು? ತಿಮ್ಮಮ್ಮನ್ನ ಕೇಳು."

ತಿಮ್ಮಮ್ಮ ನಮ್ಮ ಮನೆಗೆಲಸದವಳು. ಆಗತಾನೇ ಕೊಟ್ಟಿಗೆಗೆ ಹೋಗಿದ್ದಳು. ಕರೆದು ಕೇಳುವಷ್ಟರಲ್ಲಿ ಮಗು ಅಳತೊಡಗಿತು. ದಿವ್ಯಾಗೆ ಹಸಿವು. ಹೋಗಲಿ, ಒಳ್ಳೆಯದಕ್ಕೇ ತೊಳೆದಿದ್ದಾಳೆ ಎಂದು ಬಿಳಿ ಪಂಚೆಯ ತುಂಡಿನಿಂದ ಒಳಗೆಲ್ಲ ಒರೆಸಿ, ಒಲೆ ಮುಂದಿಟ್ಟು ಒಣಗಿಸಿ ಕುಟ್ಟಲು ಕೂತೆ. ಮೊದಲು ಮೆಲ್ಲಗೆ, ಕಾಳು ಹಾರದಂತೆ. ಒಡೆದ ಮೇಲೆ ಜೋರಾಗಿ. ಜರಡಿ ಹಿಡಿದು ತರಿಯನ್ನು ಮತ್ತೆ ಕುಟ್ಟಿದೆ. ಮನೆಯೆಲ್ಲ ಘಮ್ಮೆಂದಿತು. ಭಾಗಮ್ಮ ಕೂಡ ಮೂಗರಳಿಸಿದರು. ಅನ್ನದ ಮೇಲೆ ತುಪ್ಪ ಸುರಿದು, ಪುಡಿ ಉದುರಿಸಿ, ತಟ್ಟೆಯನ್ನು ಅವರ ಕೈಯಲ್ಲೇ ಬಾಣಂತಿ ಕೋಣೆಗೆ ಕಳಿಸಿದೆ. ಸೋತವರಿಗೆ ಅಷ್ಟಾದರೂ ಮರ್ಯಾದೆ ಬೇಡವೇ.

ಒಲೆಯ ಮುಂದೆ ಬಿದ್ದಿದ್ದ ಬಟ್ಟೆಯನ್ನು ಎತ್ತಿಕೊಂಡೆ. ಒಂದು ಬದಿ ನೀಲಿಯಾಗಿತ್ತು.

ಮೊದಲು ನನಗೆ ಅರ್ಥವಾಗಲಿಲ್ಲ. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಆಮೇಲೆ ಕುಟ್ಟಾಣಿಯನ್ನು ವಾಲಿಸಿ ಒಳಗೆ ನೋಡಿದೆ. ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಜೀರಿಗೆಯ ಪುಡಿಯ ಕೆಳಗೆ ಅದೇ ನೀಲಿ. ಮೈಲುತುತ್ತಕ್ಕೆ ಕಬ್ಬಿಣ ತಾಗಿಸಬಾರದು. ಗಟ್ಟಿಯಾದದ್ದನ್ನು ಬೇಗ ಪುಡಿ ಮಾಡಬೇಕೆಂದರೆ ಕಲ್ಲೇ ಆಗಬೇಕು. ಇಡೀ ತೋಟದಲ್ಲಿ ಕೈಗೆ ಸಿಗುವ ಕಲ್ಲಿನ ಕುಟ್ಟಾಣಿ ಯಾವುದು?

ಕೋಣೆಗೆ ಹೇಗೆ ಹೋದೆನೋ ಗೊತ್ತಿಲ್ಲ. "ತಿನ್ಬೇಡ!" ಎಂದು ಕಿರುಚಿದ್ದು ಮಾತ್ರ ನೆನಪಿದೆ. ತಟ್ಟೆ ಕಿತ್ತುಕೊಂಡೆ. ಅನ್ನ ಒಂದು ಬದಿ ಕಲಸಿತ್ತು. ದಿವ್ಯಾಳ ಬೆರಳಿಗೆ ತುಪ್ಪ ಮೆತ್ತಿತ್ತು. ಮಗು ಭಾಗಮ್ಮನ ತೊಡೆಯ ಮೇಲೆ ಅರಚುತ್ತಿತ್ತು.

"ಬಾಯಿಗೆ ಹಾಕ್ಕೊಂಡ್ಯಾ? ಹೇಳೇ, ತಿಂದ್ಯಾ? ಕುಟ್ಟಾಣೀಲಿ ಮೈಲುತುತ್ತ ಇದೆ ಕಣೇ!"

ನನ್ನ ಕೂಗಿಗೆ ಯಜಮಾನರು ಬಂದು ಬಾಗಿಲಲ್ಲಿ ನಿಂತಿದ್ದರು, ಹಿಂದೆ ಮಂಜಯ್ಯ. ದಿವ್ಯಾ ಅಪ್ಪನನ್ನೇ ನೋಡುತ್ತಿದ್ದಳು. ನನಗೆ ಉತ್ತರ ಕೊಡಲಿಲ್ಲ.

ನಾನು ಬಟ್ಟೆಯನ್ನು ಯಜಮಾನರ ಮುಖದೆದುರು ಹಿಡಿದೆ. "ನಿಜ ಹೇಳಿ. ನನ್ನ ಕುಟ್ಟಾಣೀಲಿ ಮೈಲುತುತ್ತ ಕುಟ್ಟಿದ್ರಾ?"

ಅವರ ಕಣ್ಣು ಒಮ್ಮೆ ಬೀಗಿತ್ತಿಯ ಕಡೆಗೆ, ಒಮ್ಮೆ ಮಂಜಯ್ಯನ ಕಡೆಗೆ ಹೋಯಿತು. ಹಿಂದಿನ ವರ್ಷ ಔಷಧಿಯ ಡ್ರಮ್ ನೆಕ್ಕಿ ಕರು ಸತ್ತಾಗ ಇದೇ ಮಂಜಯ್ಯನನ್ನು ಎಲ್ಲ ಆಳುಗಳ ಮುಂದೆ ನೀರಿಳಿಸಿದ್ದರು. ಔಷಧಿ ಸಾಮಾನು ಕೊಟ್ಟಿಗೆ ದಾಟಿ ಈಚೆ ಬರಕೂಡದೆಂದು ಅಪ್ಪಣೆ ಹೊರಡಿಸಿದವರೂ ಇವರೇ.

"ಇಲ್ಲ," ಎಂದರು. "ಬಟ್ಟೆಗೆ ಹಾಕೋ ನೀಲಿ ಇರ್ಬೇಕು. ತಿಮ್ಮಮ್ಮ ಏನಾದ್ರೂ ಮಾಡಿರ್ತಾಳೆ. ಅನುಮಾನ ಇದ್ರೆ ಚೆಲ್ಲಿ ಬೇರೆ ಬಡ್ಸು, ಗಲಾಟೆ ಯಾಕೆ?"

ಮಂಜಯ್ಯ ನೆಲ ನೋಡಿದ. ಅವನಿಗೆ ಗೊತ್ತಿದೆ ಎಂದು ನನಗೆ ಗೊತ್ತಾಯಿತು. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನ ಮೇಲೆ ಅಷ್ಟು ಹೇಸಿಗೆ ನನಗೆ ಯಾವತ್ತೂ ಆಗಿರಲಿಲ್ಲ.

"ಬರೀ ನೀಲಿ ಅಲ್ವಾ?" ತಟ್ಟೆಯನ್ನು ಅವರ ಎದೆಗೆ ತಾಗಿಸಿ ಹಿಡಿದೆ. "ಹಾಗಾದ್ರೆ ನೀವು ಒಂದು ತುತ್ತು ತಿನ್ನಿ."

ಅವರು ತಿನ್ನುವುದಿಲ್ಲ, ಒಪ್ಪಿಕೊಳ್ಳುತ್ತಾರೆ ಎಂದೇ ನಾನು ಅಂದುಕೊಂಡದ್ದು. ಆದರೆ ಅವರು ಕೈ ಹಾಕಿದರು. ಅನ್ನ ಕಲಸಿದರು. ತುತ್ತು ಕಟ್ಟಿದರು. ಭಾಗಮ್ಮ "ಅಯ್ಯೋ ಬೇಡಿ" ಎಂದರು. ತುತ್ತು ಎದೆಯ ಮಟ್ಟಕ್ಕೆ ಬಂತು, ಗಡ್ಡದ ಹತ್ತಿರ ಬಂತು. ತುತ್ತು ತಡೆಯಲು ನನಗೆ ಕೈಯೇ ಬರಲಿಲ್ಲ.

"ಅಪ್ಪಯ್ಯ," ದಿವ್ಯಾ ಎಂದಳು, "ನಾನಾಗ್ಲೇ ತಿಂದಿದೀನಿ."

ತುತ್ತು ಅವರ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಮಂಜಯ್ಯ, ಜೀಪು! ಜೀಪ್ ತೆಗಿ ಮಾರಾಯ, ಮೂಡಿಗೆರೆ ಆಸ್ಪತ್ರೆಗೆ ಹೋಗ್ಬೇಕು!" ಅವರ ದನಿ ಒಡೆದುಹೋಗಿತ್ತು. ಮಂಚದ ಬಳಿಗೆ ನುಗ್ಗಿ ಮಗಳ ಗಲ್ಲ ಹಿಡಿದುಕೊಂಡರು. "ಎಷ್ಟು ತಿಂದೆ ಮಗಾ? ಮೈಲುತುತ್ತ ಅದು. ನಾನೇ ಕುಟ್ಟಿದ್ದು, ನಾನೇ. ತೊಳೆದಿದ್ದೆ, ಹೋಗಿದೆ ಅಂದ್ಕೊಂಡಿದ್ದೆ. ಮಗೂಗೆ ಹಾಲು ಕೊಟ್ಯಾ? ಪಾಪಮ್ಮ, ನೀರು ತಾರೇ! ಏನು ನೋಡ್ತಾ ನಿಂತಿದೀಯ?"

ನಾನು ಗೋಡೆ ಹಿಡಿದು ನಿಂತಿದ್ದೆ. ಹೊರಗೆ ಮಂಜಯ್ಯ ಓಡುವ ಸದ್ದು, ಜೀಪು ಎರಡು ಸಲ ಕೆಮ್ಮಿ ಸ್ಟಾರ್ಟ್ ಆದ ಸದ್ದು.

ದಿವ್ಯಾ ತಂದೆಯ ಕೈಗಳನ್ನು ಗಲ್ಲದಿಂದ ಬಿಡಿಸಿದಳು.

"ತಿಂದಿಲ್ಲ ಅಪ್ಪಯ್ಯ. ಮಗು ಅಳ್ತಿತ್ತು, ಬರೀ ಕಲಸಿದ್ದೆ ಅಷ್ಟೆ."

ಯಜಮಾನರು ಮಂಚದ ಕಾಲ ಬಳಿ ಹಾಗೇ ಕುಸಿದು ಕೂತರು. ನನಗೆ ಮಗಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅವಳನ್ನು ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ.

"ಯಾಕೆ ಹಂಗೆ ಹೇಳ್ದೆ?" ಅವರು ಕೇಳಿದರು. ಅಷ್ಟು ಸಣ್ಣ ದನಿ ಅವರದೆಂದು ನಂಬಲಾಗುತ್ತಿರಲಿಲ್ಲ. "ಜೀವ ಹೋಗಿತ್ತಲ್ಲ ನಂಗೆ."

"ಹೇಳ್ದಿದ್ರೆ ನೀವು ತಿಂದ್ಬಿಡ್ತಿದ್ರಿ," ಎಂದಳು ದಿವ್ಯಾ. ಅಳುವ ಮಗುವನ್ನು ಅತ್ತೆಯ ಕೈಯಿಂದ ಎತ್ತಿಕೊಂಡು ಗೋಡೆಯ ಕಡೆಗೆ ತಿರುಗಿದಳು.

ಯಜಮಾನರು ಎದ್ದು ಹೊರಗೆ ಹೋದರು. ಇನ್ನೂ ಗುರುಗುಡುತ್ತಿದ್ದ ಜೀಪಿನ ಬಳಿ ಮಂಜಯ್ಯನ ಎದುರು ನಿಂತು ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ. ಮಂಜಯ್ಯ ಜೀಪನ್ನು ನಿಲ್ಲಿಸಿದ. ಆಮೇಲೆ ಅವರು ಕೊಟ್ಟಿಗೆಯ ಕಡೆಗೆ, ತಿಮ್ಮಮ್ಮ ಇದ್ದಲ್ಲಿಗೆ ನಡೆದದ್ದನ್ನು ಕಿಟಕಿಯಿಂದ ಕಂಡೆ.

ನಾನು ಅಡುಗೆಮನೆಗೆ ಹೋಗಿ ಕೈಯನ್ನು ಮತ್ತೆ ಮತ್ತೆ ತೊಳೆದೆ. ಬೇರೆ ತಟ್ಟೆಗೆ ಬಿಸಿ ಅನ್ನ ಹಾಕಿ ತುಪ್ಪ ಬಿಟ್ಟೆ. ಭಾಗಮ್ಮ ಬಾಗಿಲಲ್ಲೇ ನಿಂತಿದ್ದರು, ಅಲ್ಲಿಂದ ಒಳಗೆ ಕಾಲಿಡಲಿಲ್ಲ. ನಾನೇ ಅವರ ಮುಂದೆ ಹೋಗಿ ಕೈ ಚಾಚಿದೆ.

"ಆ ಪ್ಯಾಕೆಟ್ಟು ಕೊಡಿ ಭಾಗಮ್ಮ," ಎಂದೆ. "ಮಗಳಿಗೆ ಹಸಿವಾಗಿದೆ."